ಲಾಲ್‌ಬಾಗಿಗೆ ಗೋಡೆಯಿದೆ, ಬೆಟ್ಟಕ್ಕೇನಿದೆ?

ಮಲೆನಾಡಿನಲ್ಲಿ ಕೊನೆಕೊಯ್ಲಿನ ಭರಾಟೆ ನಡೆದಿರುವ ದಿನಗಳಲ್ಲೇ ಶಾಲೆಗಳಲ್ಲಿ ಪ್ರವಾಸದ ಗಡಿಬಿಡಿಯೂ ಆರಂಭವಾಗುತ್ತದೆ. ರಾತ್ರಿಯೂಟ ಮುಗಿಸಿ ಬಸ್ಸು ಹತ್ತಿದ ಮಕ್ಕಳು ಬೆಳಗಿನ ಜಾವಕ್ಕೆ ಬೆಂಗಳೂರು ಸೇರುತ್ತಾರೆ. ವಿಧಾನಸೌಧವನ್ನು ರಸ್ತೆಯ ಈಚೆಯಿಂದಲೇ ನೋಡಿ, ವಸ್ತುಸಂಗ್ರಹಾಲಯದ ಯಂತ್ರಗಳ ಗುಂಡಿ ಒತ್ತಿ, ಹೊತ್ತು ನೆತ್ತಿಗೇರುವ ವೇಳೆಗೆ ಲಾಲ್‌ಬಾಗಿನ ಬಾಗಿಲು ದಾಟುತ್ತಾರೆ. ಗಾಜಿನ ಮನೆಯ ಮುಂದೆ ಸಾಲಾಗಿ ನಿಂತು ಒಂದು ಫೋಟೊ, ಹೂಗಡಿಯಾರದ ಎದುರು ಇನ್ನೊಂದು, ಬಂಡೆಯ ಮೇಲಿನ ಕೆಂಪೇಗೌಡ ಗೋಪುರದವರೆಗೆ ಒಂದು ಓಟ, ಮರದ ನೆರಳಿನಲ್ಲಿ ಚಿತ್ರಾನ್ನದ ಪೊಟ್ಟಣ. ಒಂದೂವರೆ ತಾಸಿನಲ್ಲಿ ಎಲ್ಲವೂ ಮುಗಿದು ಬಸ್ಸು ಮುಂದಿನ ಸ್ಥಳಕ್ಕೆ ಹೊರಡುತ್ತದೆ. ಊರಿಗೆ ಮರಳಿದ ಮೇಲೆ ಬರೆಯುವ ಪ್ರವಾಸದ ಪ್ರಬಂಧದಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ಲಾಲ್‌ಬಾಗಿನಲ್ಲಿ ಪ್ರಕೃತಿಯ ಸೊಬಗನ್ನು ಕಣ್ತುಂಬ ನೋಡಿ ಆನಂದಿಸಿದೆವು.

ಈ ವಾಕ್ಯ ಬರೆದ ಮಗುವಿನ ಮನೆಯ ಹಿಂದೆ ಸೊಪ್ಪಿನ ಬೆಟ್ಟವಿದೆ. ಬೆಟ್ಟದಾಚೆಗೆ ಕಾನು ಇದೆ. ಕಾನಿನೊಳಗಿಂದ ಇಳಿದುಬರುವ ನೀರು ಆ ಮನೆಯ ಹಂಡೆ ತುಂಬುತ್ತದೆ. ದಿನವೂ ಶಾಲೆಗೆ ನಡೆಯುವ ಹಾದಿಯ ಎರಡೂ ಬದಿಗೆ ಮತ್ತಿ, ಹೊನ್ನೆ, ನಂದಿ, ಹೆಬ್ಬಲಸಿನ ಮರಗಳಿವೆ. ಆದರೂ ಪ್ರಕೃತಿಯನ್ನು ಕಾಣಲು ಆ ಮಗು ಒಂದು ರಾತ್ರಿಯ ದಾರಿ ಸವೆಸಬೇಕಾಯಿತು! ತಪ್ಪು ಮಗುವಿನದಲ್ಲ, ಲಾಲ್‌ಬಾಗಿನದೂ ಅಲ್ಲ. ನೋಡುವುದನ್ನು ಕಲಿಸದೆ ಕೇವಲ ತೋರಿಸಿ ಕರೆತರುವ ಪ್ರವಾಸದ ಕ್ರಮದಲ್ಲಿ ತಪ್ಪಿದೆ. ಸಮನಾಗಿ ಕತ್ತರಿಸಿದ ಹುಲ್ಲು, ಬಣ್ಣಬಣ್ಣದ ಹೂವಿನ ಪಾತಿ, ಗೋಡೆಯೊಳಗಿನ ಶಿಸ್ತು, ಇವೇ ಪ್ರಕೃತಿಯೆಂದು ಒಪ್ಪಿಕೊಂಡ ಮನಸ್ಸು, ನಾಳೆ ಯಾರಾದರೂ ಬಂದು ಬೆಟ್ಟವನ್ನು ಕಡಿದು ಬೇರೆ ಕಡೆ ಸಸಿ ನೆಟ್ಟುಕೊಡುತ್ತೇವೆಂದರೆ ಅದನ್ನೂ ಸುಲಭವಾಗಿ ನಂಬುತ್ತದೆ. ಆದಕಾರಣ ಲಾಲ್‌ಬಾಗಿನ ಭೇಟಿ ಬರಿಯ ವಿನೋದದ ಸಂಗತಿಯಲ್ಲ. ಅದು ಮಲೆನಾಡಿನ ಅಳಿವು ಉಳಿವಿಗೆ ಸಂಬಂಧಿಸಿದ ಪಾಠ.

ಎರಡು ತೋಟ, ಎರಡು ಅರ್ಥ

ತೋಟವೆಂದರೆ ಮಲೆನಾಡಿಗನ ಮನಸ್ಸಿಗೆ ಬರುವುದು ಅಡಿಕೆ ತೋಟ. ಅದರ ಸೊಗಸು ಅದರೊಳಗೆ ಮಾತ್ರ ಇಲ್ಲ. ತೋಟಕ್ಕೆ ಸೊಪ್ಪು ಬೇಕು, ದರಕು ಬೇಕು, ಕೊಟ್ಟಿಗೆಯ ಗೊಬ್ಬರ ಬೇಕು. ಇವೆಲ್ಲಕ್ಕೂ ಬೆಟ್ಟ ಬೇಕು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತನ್ನು ಬ್ರಿಟಿಷರ ಆಡಳಿತವೇ ಒಪ್ಪಿಕೊಂಡಿತ್ತು. ಒಂದು ಎಕರೆ ಹಸಿರು ನಿಲ್ಲಲು ಅದರ ಬೆನ್ನಿಗೆ ಎಷ್ಟು ಕಾಡು ನಿಲ್ಲಬೇಕೆಂಬ ಲೆಕ್ಕ ಅದು. ಬೆಟ್ಟವನ್ನು ಬೋಳಿಸಿದವನ ತೋಟ ನಾಲ್ಕು ಬೇಸಿಗೆಯಲ್ಲಿ ತಾನಾಗಿ ಸತ್ಯ ಹೇಳುತ್ತದೆ: ಕೆರೆ ಬತ್ತುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ಗೊಬ್ಬರದ ಚೀಲ ಪೇಟೆಯಿಂದ ಬರತೊಡಗುತ್ತದೆ.

ಲಾಲ್‌ಬಾಗ್ ಇನ್ನೊಂದು ಬಗೆಯ ತೋಟ. ಅದಕ್ಕೆ ಬೆಟ್ಟವಿಲ್ಲ, ಗೋಡೆಯಿದೆ. 1760ರಲ್ಲಿ ಹೈದರಾಲಿ ಸುಮಾರು 40 ಎಕರೆಯಲ್ಲಿ ಆರಂಭಿಸಿದ ಆ ತೋಟವನ್ನು ಟಿಪ್ಪು ಸುಲ್ತಾನ್ ಹೊರನಾಡುಗಳಿಂದ ಗಿಡ ಬೀಜ ತರಿಸಿ ಬೆಳೆಸಿದನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಜಾನ್ ಕ್ಯಾಮೆರಾನ್, ಅನಂತರ ಜರ್ಮನಿಯಲ್ಲಿ ಹುಟ್ಟಿ ಕ್ಯೂ ಉದ್ಯಾನದಲ್ಲಿ ಪಳಗಿದ ಕ್ರುಂಬಿಗಲ್, ಆಮೇಲೆ ಜವರಾಯ, ಸ್ವಾತಂತ್ರ್ಯಾನಂತರ ಮರಿಗೌಡ, ಹೀಗೆ ಒಬ್ಬರ ಬಳಿಕ ಒಬ್ಬರು ಅದನ್ನು ಕಟ್ಟಿದರು. ಇಂದು ಅದರ ವಿಸ್ತಾರ 240 ಎಕರೆ. ಅದರ ನಡುವಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮಕ್ಕಳು ಓಡಿ ಹತ್ತಿ ಓಡಿ ಇಳಿಯುವ ಆ ಬಂಡೆ, ಅಲ್ಲಿಯ ಅತ್ಯಂತ ಹಳೆಯ ಮರಕ್ಕಿಂತಲೂ, ಮರವೆಂಬ ಜೀವಜಾತಿಗಿಂತಲೂ ಹಿರಿದು ಎಂದು ಹೇಳುವ ಮೇಷ್ಟರು ಜೊತೆಯಲ್ಲಿದ್ದರೆ ಪ್ರವಾಸ ಅಲ್ಲಿಗೇ ಸಾರ್ಥಕವಾಗುತ್ತಿತ್ತು.

ಲಾಲ್‌ಬಾಗಿಗೆ ಬೆಟ್ಟವಿಲ್ಲವೆಂದು ಹೇಳಿದ್ದು ಕಣ್ಣಿಗೆ ಕಾಣುವ ಮಟ್ಟಿಗೆ ಮಾತ್ರ ನಿಜ. ಅದನ್ನು ಸುತ್ತುವರಿದ ನಗರಕ್ಕೆ ದೊಡ್ಡ ಬೆಟ್ಟವೇ ಇದೆ. ಅದು ದೂರದಲ್ಲಿದೆ, ಅಷ್ಟೆ. ಬೆಂಗಳೂರಿನ ನಲ್ಲಿಯ ನೀರು ಕೊಡಗಿನ ಮಳೆಕಾಡಿನಲ್ಲಿ ಹುಟ್ಟುವ ಕಾವೇರಿಯದು; ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರಕ್ಕೆ, ಸುಮಾರು 500 ಮೀಟರು ಎತ್ತರಕ್ಕೆ ಅದನ್ನು ಎತ್ತಿ ತರಲಾಗುತ್ತದೆ. ಎತ್ತುವ ವಿದ್ಯುತ್ತಿಗಾಗಿ, ನಗರದ ದೀಪಕ್ಕಾಗಿ, ಕಾರ್ಖಾನೆಗಾಗಿ ಶರಾವತಿ ಕಣಿವೆ ಮುಳುಗಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ನೀರಿನಡಿ ಊರುಗಳಿವೆ, ಗದ್ದೆಗಳಿವೆ, ಕಾಡಿದೆ. ಅಡಿಕೆ ಬೆಳೆಗಾರನು ತನ್ನ ತೋಟಕ್ಕೆ ಬೆಟ್ಟ ಬೇಕೆಂಬುದನ್ನು ಮರೆತರೆ ಬೆಟ್ಟವೇ ನೆನಪಿಸುತ್ತದೆ. ನಗರಕ್ಕೆ ನೆನಪಿಸುವವರು ಯಾರು?

ಹೆಸರುಹಲಗೆಯ ಪಾಠ

ಲಾಲ್‌ಬಾಗಿನ ನಿಜವಾದ ಸಂಪತ್ತು ಗಾಜಿನ ಮನೆಯಲ್ಲ, ಮರಗಳು. ಅನೇಕ ಮರಗಳಿಗೆ ತೂಗುಹಾಕಿದ ಅಥವಾ ನೆಲಕ್ಕೆ ನೆಟ್ಟ ಹೆಸರುಹಲಗೆಗಳಿವೆ. ಹತ್ತು ಹಲಗೆಗಳನ್ನು ನಿಧಾನವಾಗಿ ಓದಿದ ಮಗು ಇಡೀ ಭೂಗೋಳವನ್ನು ಓದಿದಂತೆ. ಬೇಸಿಗೆಯಲ್ಲಿ ಕೆಂಡದಂತೆ ಉರಿಯುವ ಗುಲ್‌ಮೊಹರ್ ಮಡಗಾಸ್ಕರಿನದು. ನೀಲಿ ಹೂವಿನ ಜಕರಂದ ದಕ್ಷಿಣ ಅಮೆರಿಕದ್ದು. ಕೊಡೆಯಂತೆ ಹರಡಿದ ಮಳೆಮರವೂ ಆ ಖಂಡದ ಕಡೆಯದೇ. ಗೋಪುರದಂತೆ ನೆಟ್ಟಗೆ ನಿಂತ ಅರಾಕೇರಿಯ ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದ್ದು. ಬುಡದಲ್ಲಿ ಗೋಡೆಗಳಂತೆ ಬೇರು ಹರಡಿ ಮಕ್ಕಳನ್ನು ಬೆರಗುಗೊಳಿಸುವ ಬಿಳಿ ಬೂರುಗ ಅಮೆರಿಕದ ಉಷ್ಣವಲಯದಿಂದ ಬಂದದ್ದು. ಅದರ ದಾಯಾದಿಯಾದ ಕೆಂಪು ಬೂರುಗವಾದರೆ ಮಲೆನಾಡಿನದೇ. ಶಿವನ ಪೂಜೆಗೆಂದೇ ಹುಟ್ಟಿದಂತೆ ಕಾಣುವ ನಾಗಲಿಂಗಪುಷ್ಪದ ಮರವೂ ದಕ್ಷಿಣ ಅಮೆರಿಕದ ವಲಸೆಗಾರನೆಂದು ತಿಳಿದಾಗ ಮಕ್ಕಳಿಗಿಂತ ಹಿರಿಯರಿಗೇ ಹೆಚ್ಚು ಅಚ್ಚರಿಯಾಗುತ್ತದೆ.

ಇದನ್ನು ಹೇಳಿದ್ದು ಪರದೇಶದ ಗಿಡವೆಲ್ಲ ಶತ್ರುವೆಂದು ಸಾರುವುದಕ್ಕಲ್ಲ. ಹಾಗೆ ಸಾರುವವರು ಮೊದಲು ತಮ್ಮ ಅಡುಗೆಮನೆಯಿಂದ ಮೆಣಸಿನಕಾಯಿಯನ್ನು ಹೊರಗೆ ಹಾಕಬೇಕು. ಗೇರು, ಪಪ್ಪಾಯಿ, ಪೇರಲೆಗಳನ್ನು ಕಿತ್ತು ಹಾಕಬೇಕು. ಮಲೆನಾಡಿನ ಚಪ್ಪರಗಳಲ್ಲೂ ಬೆಳೆಯುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದ ಕೀರ್ತಿ ಲಾಲ್‌ಬಾಗಿನ ಕ್ಯಾಮೆರಾನರಿಗೇ ಸಲ್ಲುತ್ತದೆ. ಮರಿಗೌಡರ ಕಾಲದಲ್ಲಿ ರಾಜ್ಯದ ಮೂಲೆಮೂಲೆಗೂ ತೋಟಗಾರಿಕೆ ಕ್ಷೇತ್ರಗಳು ಬಂದವು; ಕಸಿಗಿಡ ರೈತನ ಕೈಗೆ ಸಿಕ್ಕಿತು. ಬೀಜ, ಸಸಿ, ತಿಳಿವಳಿಕೆ ಈ ಮೂರನ್ನೂ ಜನರಿಗೆ ಹಂಚುವ ಕಾಯಕ ಲಾಲ್‌ಬಾಗಿನದಾಗಿತ್ತು. ಅದು ಸಣ್ಣ ಸೇವೆಯಲ್ಲ.

ಆದರೆ ಗಿಡ ಬರುವುದು ಬೇರೆ, ಗಿಡ ಹಬ್ಬುವುದು ಬೇರೆ. ಹೂವಿನ ಚೆಲುವಿಗೆಂದು 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಲಂಟಾನ ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ನೆಲವನ್ನು ಆವರಿಸಿದೆ. ಅದರಡಿ ಹುಲ್ಲಿಲ್ಲ, ಕಾಡುಮರಗಳ ಸಸಿಯಿಲ್ಲ. ಬಂಗಾರದ ಬಣ್ಣದ ಹೂ ಬಿಡುವ ಸೆನ್ನ ಸ್ಪೆಕ್ಟಾಬಿಲಿಸ್ ಎಂಬ ಅಲಂಕಾರದ ಮರ ನಾಗರಹೊಳೆ, ವಯನಾಡು ಕಾಡುಗಳಲ್ಲಿ ಅದೇ ದಾರಿ ಹಿಡಿದಿದೆ. ತೋಟದ ಪಾತಿಯಲ್ಲಿ ಮಾಲಿಯ ಕತ್ತರಿಗೆ ಅಂಜಿ ನಿಲ್ಲುವ ಗಿಡ ಕಾಡಿನಲ್ಲಿ ಯಾರಿಗೂ ಅಂಜುವುದಿಲ್ಲ. ಹೆಸರುಹಲಗೆಯಲ್ಲಿ ಬರೆಯದ ಈ ಎರಡನೆಯ ಪಾಠವನ್ನು ಮಕ್ಕಳಿಗೆ ಹೇಳಬೇಕಾದವರು ಜೊತೆಗೆ ಹೋದ ಹಿರಿಯರು.

ಇಬ್ಬರು ಪ್ರವಾಸಿಗರು

ಬೆಂಗಳೂರಿನ ತೋಟವನ್ನೂ ಮಲೆನಾಡಿನ ಬೆಟ್ಟವನ್ನೂ ನೋಡಿದವರು ಶಾಲಾ ಮಕ್ಕಳು ಮಾತ್ರವಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಸುಲ್ತಾನರ ತೋಟಗಳಿಗೆ ಬಂದನು. ಚೌಕಾಕಾರದ ಪಾತಿಗಳನ್ನೂ ಅವುಗಳ ನಡುವಣ ಹಾದಿಗಳ ಪಕ್ಕದ ಸೈಪ್ರೆಸ್ ಮರಗಳನ್ನೂ ಮೆಚ್ಚಿ ಬರೆದಿಟ್ಟನು. ಮರುವರ್ಷ ಅದೇ ಪ್ರವಾಸಿ ಕರಾವಳಿಯಿಂದ ಘಟ್ಟ ಹತ್ತಿ ಸೋಂದೆ, ಶಿರಸಿ, ಬನವಾಸಿ, ಇಕ್ಕೇರಿಗಳನ್ನು ಹಾದುಹೋದನು. ಕಾರವಾರದ ಸೀಮೆಯಲ್ಲಿ ಕಾಡೆಲ್ಲ ಊರ ದೇವರ ಸೊತ್ತೆಂದೂ ಗೌಡನ ಮೂಲಕ ದೇವರ ಅಪ್ಪಣೆ ಪಡೆಯದೆ ಮರ ಕಡಿಯಬಾರದೆಂದೂ ಜನ ಅವನಿಗೆ ಹೇಳಿದರು. ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ತಡೆಯಲು ಜನ ಹೂಡಿದ ಉಪಾಯ ಇದೆಂದು ಅವನು ಭಾವಿಸಿದನು. ಸುಲ್ತಾನನ ತೋಟದ ಶಿಸ್ತು ಅವನಿಗೆ ಶಿಸ್ತಾಗಿಯೇ ಕಂಡಿತು; ಊರ ದೇವರ ಕಾಡಿನ ಶಿಸ್ತು ನೆಪವಾಗಿ ಕಂಡಿತು.

ಎರಡನೆಯವನು ಹ್ಯೂ ಕ್ಲೆಗ್‌ಹಾರ್ನ್. ಈತನೂ ವೈದ್ಯ, ಈತನೂ ಸಸ್ಯವಿಜ್ಞಾನಿ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದಾಗ ಸ್ಥಳೀಯ ಚಿತ್ರಕಾರನಿಂದ ಅಲ್ಲಿಯ ಸಸ್ಯಗಳ ಚಿತ್ರಗಳನ್ನು ಬರೆಸಿದನು. ಮಲೆನಾಡಿನ ಗಿಡಮರಗಳ ಆ ಚಿತ್ರಗಳು ಇಂದು ಸ್ಕಾಟ್ಲೆಂಡಿನ ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದದ್ದರ ಹಿಂದೆ ಆತನ ಸಲಹೆಯಿತ್ತು. ಅದೇ ವರ್ಷ ಆತ ಮದ್ರಾಸ್ ಆಧಿಪತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದನು. ಬೆಟ್ಟದ ಜನರ ಕುಮರಿ ಬೇಸಾಯ ಕಾಡಿಗೆ ಮಾರಕವೆಂದು ಬಲವಾಗಿ ವಾದಿಸಿದವರಲ್ಲಿ ಆತನೂ ಒಬ್ಬ. 1860ರಲ್ಲಿ ಮದ್ರಾಸ್ ಸರ್ಕಾರ ತನ್ನ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಅದೇ ದಶಕಗಳಲ್ಲಿ ರೈಲುಹಳಿಗಳ ಅಡಿಗೆ ಹಾಕಲು ದಕ್ಷಿಣದ ಕಾಡುಗಳ ಗಟ್ಟಿಮರಗಳು ಉರುಳುತ್ತಲೇ ಇದ್ದವು.

ಕ್ಲೆಗ್‌ಹಾರ್ನ್ ಕೆಟ್ಟವನೆಂದು ಇದರ ಅರ್ಥವಲ್ಲ. ಕಾಡು ನಾಶವಾದರೆ ಮಳೆ, ನೀರು, ಬೇಸಾಯ ಎಲ್ಲಕ್ಕೂ ಕೇಡೆಂದು ಸರ್ಕಾರಕ್ಕೆ ಮೊದಲು ಎಚ್ಚರಿಸಿದವರಲ್ಲಿ ಆತನ ಹೆಸರಿದೆ. ಗಮನಿಸಬೇಕಾದದ್ದು ಬೇರೆ: ಉದ್ಯಾನವನ್ನು ರಕ್ಷಿಸಿದ ಕೈಯೇ ಬೆಟ್ಟದ ಜನರನ್ನು ಕಾಡಿನಿಂದ ಹೊರಗೆ ನಿಲ್ಲಿಸಿತು. ಕಾಡನ್ನು ಬಲ್ಲವನು ಸರ್ಕಾರದ ಸಸ್ಯವಿಜ್ಞಾನಿ ಮಾತ್ರ, ಊರಿನವನು ಕೇವಲ ಹಾಳುಮಾಡುವವನು ಎಂಬ ಆ ನಂಬಿಕೆ 165 ವರ್ಷಗಳಾದರೂ ಕಚೇರಿಗಳಿಂದ ಪೂರ್ಣವಾಗಿ ಹೋಗಿಲ್ಲ.

ಹೂವಿನ ಅರಮನೆ

ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ದಿನಗಳಲ್ಲಿ, ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಅದರ ಮೂಲ ಉದ್ದೇಶ ಒಳ್ಳೆಯದಾಗಿತ್ತು: ಬೆಳೆಗಾರನು ತಾನು ಬೆಳೆದ ಹಣ್ಣು, ತರಕಾರಿ, ಹೂವುಗಳನ್ನು ತಂದಿಡುವುದು, ಇನ್ನೊಬ್ಬನದನ್ನು ನೋಡಿ ಕಲಿಯುವುದು, ಹೊಸ ತಳಿಯನ್ನು ಪರಿಚಯಿಸಿಕೊಳ್ಳುವುದು. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ಇಂಥ ಪ್ರದರ್ಶನಗಳಿಗೆಂದೇ ಎದ್ದುನಿಂತಿತು.

ಈಗಿನ ಪ್ರದರ್ಶನದ ಕೇಂದ್ರದಲ್ಲಿರುವುದು ಬೆಳೆಗಾರನಲ್ಲ. ಕಬ್ಬಿಣದ ಚೌಕಟ್ಟಿಗೆ ಲಕ್ಷಾಂತರ ಗುಲಾಬಿ, ಸೇವಂತಿಗೆಗಳನ್ನು ಚುಚ್ಚಿ ಕಟ್ಟಿದ ಅರಮನೆ, ಗೋಪುರ, ಪ್ರತಿಮೆಗಳೇ ಅದರ ಆಕರ್ಷಣೆ. ಜನ ಗಂಟೆಗಟ್ಟಲೆ ಸರದಿಯಲ್ಲಿ ನಿಂತು, ಎದುರಿಗೆ ಬಂದೊಡನೆ ಬೆನ್ನು ತಿರುಗಿಸಿ ಮೊಬೈಲಿನಲ್ಲಿ ಪಟ ತೆಗೆದುಕೊಂಡು ಮುಂದೆ ಸಾಗುತ್ತಾರೆ. ಕೊಯ್ದ ಹೂವಿಗೆ ಬೇರಿಲ್ಲ, ಬೀಜವಿಲ್ಲ, ದುಂಬಿಯಿಲ್ಲ. ಕೆಲವು ದಿನಗಳ ಬಳಿಕ ಅದು ಕಸದ ಗಾಡಿ ಸೇರುತ್ತದೆ. ಸಸ್ಯವಿಜ್ಞಾನದ ಉದ್ಯಾನದಲ್ಲಿ ಸಸ್ಯದ ಬಗ್ಗೆ ಏನನ್ನೂ ಹೇಳದ ಹಬ್ಬವಿದು. ಅತ್ತ ಕ್ರುಂಬಿಗಲ್ ಅವರ ಹೆಸರನ್ನೇ ಹೊತ್ತಿದ್ದ ಹಳೆಯ ಸಭಾಂಗಣ ದುರಸ್ತಿಯಿಲ್ಲದೆ ಶಿಥಿಲವಾಗಿ 2017ರಲ್ಲಿ ಕುಸಿದುಬಿದ್ದಿತು. ಹೂವಿನ ಅರಮನೆ ಕಟ್ಟಲು ತೋರಿದ ಶ್ರದ್ಧೆ ಇರುವ ಕಟ್ಟಡವನ್ನು ಉಳಿಸಿಕೊಳ್ಳಲು ಇರಲಿಲ್ಲ.

ದಣಿದ ನಗರವಾಸಿ ಒಂದು ದಿನ ಹೂ ನೋಡಿ ಸಂತೋಷಪಟ್ಟರೆ ಯಾರ ಗಂಟು ಹೋಯಿತೆಂದು ಕೆಲವರು ಕೇಳಬಹುದು. ಸಂತೋಷಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನತ್ತ ಒಮ್ಮೆ ನೋಡಬೇಕು. ಅಲ್ಲಿಯ ರಾಮಪತ್ರೆ ಜಡ್ಡಿಗಳಲ್ಲಿ, ಸದಾ ನೀರು ಜಿನುಗುವ ಕೆಸರಿನಲ್ಲಿ, ಮಂಡಿಯೂರಿದಂತೆ ಬೇರುಗಳನ್ನು ಮೇಲೆತ್ತಿ ನಿಂತ ಮರಗಳಿವೆ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ಅಲ್ಲಿದೆಯೆಂದು ವಿಜ್ಞಾನಕ್ಕೆ ತಿಳಿದದ್ದೇ 2000ದಲ್ಲಿ. ಜಗತ್ತಿನಲ್ಲಿ ಉಳಿದಿರುವ ಅದರ ಮರಗಳು ಅತಿ ವಿರಳ. ಅದಕ್ಕೆ ಪುಷ್ಪ ಪ್ರದರ್ಶನವಿಲ್ಲ, ಸರದಿಯಿಲ್ಲ, ಪಟ ತೆಗೆಯುವವರಿಲ್ಲ. ರಾಜಧಾನಿಯ ಸಸ್ಯೋದ್ಯಾನ ತನ್ನ ಶ್ರಮದ ಒಂದು ಪಾಲನ್ನು ಇಂಥ ಮರಗಳ ಬೀಜ, ಸಸಿ, ಅಧ್ಯಯನಕ್ಕೆ ಮೀಸಲಿಟ್ಟು ಅದನ್ನೇ ಜನರ ಮುಂದಿಟ್ಟರೆ, ಪ್ರದರ್ಶನವೆಂಬ ಮಾತಿಗೆ ಮತ್ತೆ ಅರ್ಥ ಬಂದೀತು.

ತೋಟದ ಕಣ್ಣಿನಿಂದ ಕಾಡು

ತೋಟದಲ್ಲಿ ಗಿಡವನ್ನು ಎತ್ತಿ ಇನ್ನೊಂದು ಕಡೆ ನೆಡಬಹುದು. ಒಂದು ಪಾತಿಯ ಹೂ ಬಾಡಿದರೆ ಇನ್ನೊಂದನ್ನು ತಂದು ತುಂಬಬಹುದು. ಅಲ್ಲಿ ಅದು ಸರಿ. ಅದೇ ಕಣ್ಣಿನಿಂದ ಕಾಡನ್ನು ನೋಡಿದಾಗ ಅನಾಹುತ ಆರಂಭವಾಗುತ್ತದೆ. 1980ರ ದಶಕದಲ್ಲಿ ಮಲೆನಾಡಿನ ಮತ್ತು ಅದರ ಸೆರಗಿನ ಜನ ಇದನ್ನು ಅನುಭವಿಸಿ ಕಂಡರು. ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸುಮಾರು 30,000 ಹೆಕ್ಟೇರು ನೆಲವನ್ನು ನೀಲಗಿರಿ ಬೆಳೆಯಲು ಕೊಡುವ ತೀರ್ಮಾನವಾದಾಗ, ಕಡತದಲ್ಲಿ ಅದು ಪಾಳುಭೂಮಿ. ಊರಿನವರಿಗೆ ಅದು ದನದ ಮೇವು, ಸೌದೆ, ಸೊಪ್ಪು. 1987ರಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಉಪಯುಕ್ತ ಮರಗಳ ಸಸಿ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಎಂದೇ ಆ ಸತ್ಯಾಗ್ರಹಕ್ಕೆ ಹೆಸರಾಯಿತು. ಅದಕ್ಕೂ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ಸೀಮೆಯ ಹಳ್ಳಿಗರು ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತಿದ್ದರು. ಈ ಹೋರಾಟಗಳ ತಿರುಳು ಒಂದೇ: ಹಸಿರಾಗಿ ಕಂಡದ್ದೆಲ್ಲ ಕಾಡಲ್ಲ.

ಈ ಪಾಠವನ್ನು ಮಲೆನಾಡಿಗರೇ ಮರೆತ ಸಂದರ್ಭಗಳೂ ಇವೆ, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಬೆಟ್ಟಗಳಲ್ಲಿ ಅಕೇಶಿಯ ಸಾಲುಗಟ್ಟಿ ನಿಂತಾಗ, ಸೌದೆಯಾಯಿತಲ್ಲ ಎಂದು ಸಮಾಧಾನಪಟ್ಟವರು ಕಡಿಮೆಯಲ್ಲ. ಅದರ ಎಲೆಯನ್ನು ದನ ತಿನ್ನದು, ಉದುರಿದ ತರಗು ಬೇಗ ಕೊಳೆಯದು, ಹಕ್ಕಿಗೆ ತಿನ್ನಲು ಹಣ್ಣಿಲ್ಲ. 2003ರ ಸುಮಾರಿಗೆ ವೆನಿಲ್ಲಾದ ಬೆಲೆ ಗಗನಕ್ಕೇರಿದಾಗ, ಮೆಕ್ಸಿಕೊದಿಂದ ಬಂದ ಆ ಬಳ್ಳಿಯ ತುಂಡಿಗಾಗಿ ಮಲೆನಾಡು ಸಾಲ ಮಾಡಿತು; ಒಂದೆರಡು ವರ್ಷಗಳಲ್ಲಿ ಬೆಲೆ ಕುಸಿದು ಬಳ್ಳಿ ಅನಾಥವಾಯಿತು. ಅಡಿಕೆಯ ಬೆಲೆ ಏರಿದಾಗಲೆಲ್ಲ ಬೆಟ್ಟವನ್ನೇ ತೋಟ ಮಾಡುವ ಆಸೆ ಹುಟ್ಟುತ್ತದೆ. ಉಪ್ಪಾಗೆ ಕಾಯಿಗಾಗಿ, ಅಪ್ಪೆಮಿಡಿಗಾಗಿ ಕೊಂಬೆಯನ್ನೇ ಕಡಿದು ಉರುಳಿಸಿದ ಕೈಗಳು ನಗರದವಲ್ಲ.

ಆದರೂ ಇಂದಿನ ಅತಿ ದೊಡ್ಡ ಬೆದರಿಕೆ ಇಂಥ ಕೈಗಳಿಂದ ಬಂದದ್ದಲ್ಲ. ಶರಾವತಿ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, 2000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಗಿದೆ. ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಏರ್ಪಾಡಿದು. ಮೇಲಕ್ಕೆತ್ತಲು ತಗಲುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ಯೋಜನೆಯ ಜಾಗವಿರುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. ಕಡಿಯಬೇಕಾದ ಸಾವಿರಾರು ಮರಗಳಿಗೆ ಬದಲಾಗಿ ಬೇರೆಡೆ ಸಸಿ ನೆಡುವ ಭರವಸೆಯೂ ಕಡತದಲ್ಲಿ ಇದ್ದೇ ಇರುತ್ತದೆ. ಸಿಂಗಳೀಕ ನೆಲಕ್ಕಿಳಿಯುವುದು ಕಡಿಮೆ. ಕೊಂಬೆಯಿಂದ ಕೊಂಬೆಗೆ ದಾಟುತ್ತ, ಒಂದು ಮರದ ಹಣ್ಣು ಮುಗಿದಾಗ ಇನ್ನೊಂದು ಮರದ ಹಣ್ಣನ್ನು ಹುಡುಕುತ್ತ ವರ್ಷ ಕಳೆಯುವ ಪ್ರಾಣಿ ಅದು. ರಾಮಪತ್ರೆಯ ಬೀಜವನ್ನು ನುಂಗಿ ದೂರಕ್ಕೆ ಒಯ್ದು ಬಿತ್ತುವುದು ಮಂಗಟ್ಟೆ ಹಕ್ಕಿ. ಸಸಿಯನ್ನು ಬೇರೆ ಜಿಲ್ಲೆಯಲ್ಲಿ ನೆಡಬಹುದು; ಕೊಂಬೆಗಳ ಆ ಹಾದಿಯನ್ನು, ಹಣ್ಣುಗಳ ಆ ಪಂಚಾಂಗವನ್ನು, ಹಕ್ಕಿಯ ಆ ಬಿತ್ತನೆಯನ್ನು ಯಾವ ಗುಂಡಿಯಲ್ಲಿ ನೆಡುವುದು? ಬದಲಿ ಅರಣ್ಯವೆಂಬುದು ತೋಟಗಾರನ ಲೆಕ್ಕ, ಕಾಡಿನ ಲೆಕ್ಕವಲ್ಲ.

ಗೋಡೆ ಯಾರಿಗೆ?

ಲಾಲ್‌ಬಾಗಿನ ಒಂದು ಮೂಲೆ ಅಲುಗಿದರೂ ಬೆಂಗಳೂರು ಎಚ್ಚರಗೊಳ್ಳುತ್ತದೆ. ಮೆಟ್ರೋ ರೈಲಿಗಾಗಿ 2009ರಲ್ಲಿ ಉದ್ಯಾನದ ಅಂಚಿನ ಗೋಡೆ ಒಡೆದಾಗ ನಾಗರಿಕರು ಬೀದಿಗಿಳಿದರು. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಯೋಜನೆ ಲಾಲ್‌ಬಾಗಿನ ನೆಲಕ್ಕೂ ಆ ಪುರಾತನ ಬಂಡೆಗೂ ಕುತ್ತು ತರುತ್ತದೆಂಬ ಆತಂಕ ಹುಟ್ಟಿದಾಗ ಮತ್ತೆ ದನಿ ಎದ್ದಿತು. ಆ ದನಿ ನ್ಯಾಯವಾದದ್ದು. ಮಲೆನಾಡಿನ ಪ್ರತಿಯೊಬ್ಬರೂ ಅದಕ್ಕೆ ತಮ್ಮ ದನಿ ಕೂಡಿಸಬೇಕು. ಸರ್ಕಾರಿ ಉದ್ಯಾನಗಳ ನೆಲವನ್ನು ಪರಭಾರೆ ಮಾಡದಂತೆ ತಡೆಯಲೆಂದೇ 1975ರಲ್ಲಿ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂದಿದೆ. 240 ಎಕರೆಗೆ ಕಲ್ಲಿನ ಗೋಡೆಯ ಜೊತೆಗೆ ಕಾಯ್ದೆಯ ಗೋಡೆಯೂ ಇದೆ, ಜನರ ಗೋಡೆಯೂ ಇದೆ.

ಆದರೆ ಒಂದು ಪ್ರಶ್ನೆಯನ್ನು ಬೆಂಗಳೂರಿನ ಆ ಸಜ್ಜನರ ಮುಂದೆ ಇಡಲೇಬೇಕು. ಲಾಲ್‌ಬಾಗಿನಲ್ಲಿ ಒಂದು ಮರಕ್ಕೆ ಬದಲಾಗಿ ಹತ್ತು ಸಸಿ ಕೊಡುತ್ತೇವೆಂದಾಗ ಅದು ಮೋಸವೆಂದು ಅವರಿಗೆ ಥಟ್ಟನೆ ಹೊಳೆಯುತ್ತದೆ. ಶರಾವತಿಯಲ್ಲಿ ಅದೇ ಮಾತು ಹೇಳಿದಾಗ ಅದು ಅಭಿವೃದ್ಧಿಯಾಗುವುದು ಹೇಗೆ? ಮನುಷ್ಯರು ನೆಟ್ಟ ಮರಕ್ಕೆ ಅಷ್ಟು ಬೆಲೆಯಿದ್ದರೆ, ಯಾರೂ ನೆಡದ ಮರಕ್ಕೆ ಬೆಲೆ ಕಡಿಮೆಯೇ? 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಅಂದು ಮಲೆನಾಡು ಕೇಳಿದ್ದು ನಗರದ ವಿನಾಶವನ್ನಲ್ಲ. ನಗರವು ತನ್ನ ಮಳೆನೀರನ್ನೂ ಕೆರೆಗಳನ್ನೂ ಮೊದಲು ಲೆಕ್ಕ ಹಾಕಲಿ ಎಂಬುದನ್ನು.

ಕಾಡಿಗೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಿದೆ, ನಿಜ. ಆದರೆ ಅದು ಬಾಗಿಲಿರುವ ಗೋಡೆ; ಅನುಮತಿಯ ಕಾಗದ ತಂದವನಿಗೆ ತೆರೆದುಕೊಳ್ಳುತ್ತದೆ. ಊರಿನ ಕಾನು, ದೇವರಕಾಡು, ಸೊಪ್ಪಿನ ಬೆಟ್ಟಗಳಿಗೆ ಅಷ್ಟೂ ಇಲ್ಲವೆಂಬ ಸ್ಥಿತಿ ಅನೇಕ ಕಡೆ ಇದೆ. ಅವುಗಳಿಗೆ ಬೇಕಾದದ್ದು ಕಲ್ಲಿನ ಗೋಡೆಯಲ್ಲ. ಕಲ್ಲಿನ ಗೋಡೆ ಕಟ್ಟಿದರೆ ದನ, ಮಂಗ, ಮನುಷ್ಯ ಎಲ್ಲರೂ ಹೊರಗಾಗುತ್ತಾರೆ. ಕುಮರಿಯ ಕಾಲದ ಕಥೆ ಮರುಕಳಿಸುತ್ತದೆ. ಬೇಕಾದದ್ದು ಊರಿನ ತಿಳಿವಳಿಕೆ ಮತ್ತು ಊರಿನ ಹಕ್ಕು, ಇವೆರಡೂ ಕೂಡಿದ ಬೇಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಜನರೊಡನೆ ಕೂಡಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಹಲವೆಡೆ ಆ ಸಮಿತಿ ಹೆಸರಿಗಷ್ಟೇ ಇದೆ. ದಾಖಲಾತಿ ಯಾರೋ ಹೊರಗಿನವರು ತುಂಬಿಕೊಟ್ಟ ಹೊತ್ತಗೆಯಾಗಿ ಕಪಾಟಿನಲ್ಲಿದೆ. ಅದನ್ನು ಹೊರಗೆ ತೆಗೆಯಿಸಿ ಗ್ರಾಮಸಭೆಯಲ್ಲಿ ಓದಿಸುವುದಕ್ಕೆ ಯಾವ ಯೋಜನೆಯ ಅನುದಾನವೂ ಬೇಡ.

ಮುಂದಿನ ಪ್ರವಾಸಕ್ಕೆ ಮುನ್ನ

ಮಕ್ಕಳು ಲಾಲ್‌ಬಾಗಿಗೆ ಹೋಗಲಿ, ಅವಶ್ಯ ಹೋಗಲಿ. ಆದರೆ ಹೋಗುವ ಮುನ್ನ ಒಂದು ಶನಿವಾರ ತಮ್ಮೂರಿನ ಕಾನಿಗೆ ಹೋಗಲಿ. ಜೊತೆಗೆ ಊರಿನ ಹಿರಿಯಜ್ಜಿಯನ್ನೋ ಮದ್ದಿನ ಗಿಡ ಬಲ್ಲವರನ್ನೋ ಕರೆದೊಯ್ಯಲಿ. ಹತ್ತು ಮರಗಳ ಹೆಸರು, ಅವು ಹೂಬಿಡುವ ತಿಂಗಳು, ಹಣ್ಣು ತಿನ್ನುವ ಹಕ್ಕಿ, ಊರಿಗೆ ಅವುಗಳ ಉಪಯೋಗ ಇಷ್ಟನ್ನು ಬರೆದುಕೊಳ್ಳಲಿ. ಅದೇ ಪುಸ್ತಕವನ್ನು ಬೆಂಗಳೂರಿಗೂ ಒಯ್ದು ಲಾಲ್‌ಬಾಗಿನ ಹತ್ತು ಮರಗಳ ಹೆಸರು, ಮೂಲಸ್ಥಾನಗಳನ್ನು ಎದುರಿನ ಪುಟದಲ್ಲಿ ಬರೆಯಲಿ. ಅಲ್ಲಿ ಮಲೆನಾಡಿನ ಮರ ಕಂಡರೆ ಅದರ ಕೆಳಗೆ ನಿಂತು, ಊರಿನಲ್ಲಿ ಈ ಮರದ ಸುತ್ತ ಏನೇನಿದೆ, ಇಲ್ಲಿ ಏನೇನಿಲ್ಲ ಎಂದು ಯೋಚಿಸಲಿ. ಪಟ ಆಮೇಲೆ ತೆಗೆದರಾಯಿತು.

ಹೀಗೆ ನೋಡಿದ ಮಗು ಲಾಲ್‌ಬಾಗನ್ನು ಕಡಿಮೆ ಪ್ರೀತಿಸುವುದಿಲ್ಲ, ಹೆಚ್ಚು ಪ್ರೀತಿಸುತ್ತದೆ. ಅದು ಮನುಷ್ಯರು ತಲೆಮಾರುಗಳ ಕಾಲ ದುಡಿದು ಕಟ್ಟಿದ ತೋಟವೆಂದು ತಿಳಿದು ಗೌರವಿಸುತ್ತದೆ. ಕಾಡನ್ನು ಮಾತ್ರ ಯಾರಿಂದಲೂ ಕಟ್ಟಲಾಗದೆಂಬುದನ್ನೂ ತಿಳಿದಿರುತ್ತದೆ. ಬೆಟ್ಟಕ್ಕೆ ಬದಲಿ ಸಸಿಗಳ ಪಟ್ಟಿ ಹಿಡಿದು ಅಧಿಕಾರಿ ಊರಿಗೆ ಬಂದ ದಿನ, ಆ ಎರಡು ಪುಟಗಳ ಪುಸ್ತಕ ತೆರೆದು ಲೆಕ್ಕ ಕೇಳಬಲ್ಲ ಒಬ್ಬ ಹುಡುಗಿಯೋ ಹುಡುಗನೋ ಗ್ರಾಮಸಭೆಯಲ್ಲಿ ಇರಬೇಕು. ಬೆಟ್ಟಕ್ಕೆ ಸದ್ಯ ಇರಬಹುದಾದ ಗೋಡೆ ಅದೊಂದೇ.